ಹೆಬ್ಬಾತು ಮೇಯ್ದ ಹುಲ್ಲಿಗೆ ದುಡ್ಡು ಯಾರು ಕೊಡಬೇಕು?

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಲಾ ಎಂಬ ದ್ವೀಪವಿದೆ. ಪ್ರತಿ ಅಕ್ಟೋಬರ್‌ನಲ್ಲಿ ಗ್ರೀನ್‌ಲ್ಯಾಂಡ್ ಕಡೆಯಿಂದ ಸಾವಿರಾರು ಬಾರ್ನಕಲ್ ಹೆಬ್ಬಾತುಗಳು ಅಲ್ಲಿಗೆ ಬಂದಿಳಿಯುತ್ತವೆ. ಏಪ್ರಿಲ್‌ವರೆಗೆ ಅಲ್ಲೇ ಠಿಕಾಣಿ. ದನ, ಕುರಿ ಸಾಕುವ ರೈತರಿಗೆ ಅಷ್ಟೂ ತಿಂಗಳು ತಲೆನೋವು.

ಹೆಬ್ಬಾತು ಹಸುವಿನ ಹಾಗೆ ಮೆಲುಕು ಹಾಕುವುದಿಲ್ಲ. ನಾರು ಅದಕ್ಕೆ ಸರಿಯಾಗಿ ಅರಗುವುದೂ ಇಲ್ಲ. ತಿಂದ ಹುಲ್ಲು ಒಂದೆರಡು ಗಂಟೆಯಲ್ಲೇ ಹಿಕ್ಕೆಯಾಗಿ ಹೊರಬರುತ್ತದೆ. ಹಾಗಾಗಿ ಹಗಲಿಡೀ ಮೇಯುತ್ತಲೇ ಇರಬೇಕು. ಅದೂ ನಾರು ಕಡಿಮೆ, ಪ್ರೋಟೀನ್ ಜಾಸ್ತಿ ಇರುವ ಎಳೆ ಹುಲ್ಲು. ರೈತ ಗೊಬ್ಬರ ಹಾಕಿ ಬೆಳೆಸುವುದೂ ಅದನ್ನೇ ಅಲ್ವಾ? ವಸಂತದಲ್ಲಂತೂ ನಷ್ಟ ಹೆಚ್ಚು. ಮರಿ ಹಾಕಿದ ಕುರಿಗೂ ಚಿಗುರು ಬೇಕು, ಉತ್ತರಕ್ಕೆ ಹಾರುವ ಮುಂಚೆ ಕೊಬ್ಬು ತುಂಬಿಕೊಳ್ಳಬೇಕಾದ ಹಕ್ಕಿಗೂ ಬೇಕು.

ಇಷ್ಟೊಂದು ಹಕ್ಕಿಗಳು ಎಲ್ಲಿಂದ ಬಂದವು? ಐಲಾದ್ದಲ್ಲದ ಇನ್ನೊಂದು ಹಿಂಡನ್ನು ನೋಡಿ. ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಮರಿ ಮಾಡುವ ಬಾರ್ನಕಲ್ ಹೆಬ್ಬಾತುಗಳು 1940ರ ದಶಕದಲ್ಲಿ ಸುಮಾರು 300 ಉಳಿದಿದ್ದವು. ಈಗ ಹತ್ತಾರು ಸಾವಿರ. ಬೇಟೆ ನಿಂತದ್ದು ಒಂದು ಕಾರಣ. ಯುರೋಪಿನ ಹೊಲಗಳ ಗೊಬ್ಬರದ ಹುಲ್ಲು ಇನ್ನೊಂದು.

ಓಡಿಸಿಬಿಟ್ಟರೆ ಆಯಿತಲ್ಲ ಅನ್ನಬಹುದು. ಬೆರ್ಚಪ್ಪನಿಗೂ ಗ್ಯಾಸ್ ಗನ್ನಿನ ಸದ್ದಿಗೂ ಹೆಬ್ಬಾತು ಕೆಲವು ದಿನ ಹೆದರುತ್ತದೆ. ಆಮೇಲೆ ಇದು ಸುಮ್ನೆ ಸದ್ದು ಅಂತ ಅದಕ್ಕೆ ಗೊತ್ತಾಗುತ್ತದೆ. ಹೆದರಿ ಎದ್ದರೂ ಇಳಿಯುವುದು ಪಕ್ಕದವರ ಹೊಲದಲ್ಲೇ. ಹಾರಾಟಕ್ಕೆ ಖರ್ಚಾದ ಶಕ್ತಿ ತುಂಬಿಕೊಳ್ಳಲು ಇನ್ನಷ್ಟು ತಿನ್ನುತ್ತದೆ. ಅಂದರೆ ಎಲ್ಲರೂ ಎಲ್ಲ ಕಡೆ ಓಡಿಸಿದರೆ ಒಟ್ಟು ನಷ್ಟ ಹೆಚ್ಚಾಗಲೂಬಹುದು. ಕೆಲವು ಹೊಲಗಳನ್ನು ಹಕ್ಕಿಗೆ ಬಿಟ್ಟುಕೊಟ್ಟು, ಆ ರೈತರಿಗೆ ದುಡ್ಡು ಕೊಟ್ಟು, ಉಳಿದ ಕಡೆ ಮಾತ್ರ ಓಡಿಸುವುದು ವಾಸಿ. ಓಡಿದ ಹಕ್ಕಿಗೆ ಹೋಗಲು ಜಾಗ ಇದ್ದರೆ ತಾನೇ ಅದು ಹೋಗುವುದು!

ಐಲಾದ ರೈತರಿಗೆ ಸರ್ಕಾರದ ಹಣ ಸಿಗುತ್ತದೆ. ಆದರೆ ಹಿಂಡು ಬೆಳೆದಷ್ಟೂ ಬಿಲ್ಲೂ ಬೆಳೆಯುತ್ತದೆ. ಅದಕ್ಕೇ ಬಾರ್ನಕಲ್‌ಗಳಿಗೆ ಗುಂಡು ಹೊಡೆದು ಸಂಖ್ಯೆ ಇಳಿಸುವ ಕೆಲಸವೂ ನಡೆದಿದೆ. ನನಗೆ ಇಲ್ಲೇ ಕಸಿವಿಸಿ. ಅದೇ ದ್ವೀಪದಲ್ಲಿ ಗ್ರೀನ್‌ಲ್ಯಾಂಡಿನ ಬಿಳಿಹಣೆ ಹೆಬ್ಬಾತುಗಳೂ ಮೇಯುತ್ತವೆ. 1990ರ ದಶಕದ ಕೊನೆಯಲ್ಲಿ ಅವು ಒಟ್ಟು ಸುಮಾರು 35,000 ಇದ್ದವು, ಆಮೇಲೆ 20,000ದ ಆಸುಪಾಸಿಗೆ ಇಳಿದವು. ಬಂದೂಕಿನ ಸದ್ದಿಗೆ ಅವೂ ಎದ್ದು ಹಾರುತ್ತವೆ.

ಸ್ವಾಲ್ಬಾರ್ಡ್‌ನ ಗುಲಾಬಿಗಾಲಿನ ಹೆಬ್ಬಾತುಗಳ ವಿಷಯದಲ್ಲಿ ದಾರಿ ಬೇರೆ. ಅವು ಚಳಿಗಾಲ ಕಳೆಯುವುದು ಡೆನ್ಮಾರ್ಕ್, ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ. ದಾರಿಯಲ್ಲಿ ನಾರ್ವೆಯಲ್ಲೂ ಇಳಿಯುತ್ತವೆ. 2012ರಲ್ಲಿ ಈ ದೇಶಗಳು ಹಿಂಡನ್ನು ಸುಮಾರು 60,000 ಹಕ್ಕಿಗಳ ಮಟ್ಟದಲ್ಲಿ ಉಳಿಸುವ ಗುರಿ ಇಟ್ಟುಕೊಂಡವು. ರೈತರು, ಬೇಟೆಗಾರರು, ಪಕ್ಷಿಪ್ರಿಯರು ಎಲ್ಲರೂ ಮಾತುಕತೆಯಲ್ಲಿದ್ದಾರೆ. ಪ್ರತಿ ವರ್ಷ ಹಕ್ಕಿ ಎಣಿಸುತ್ತಾರೆ, ಲೆಕ್ಕ ನೋಡಿಕೊಂಡು ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಬೇಟೆಯನ್ನು ಬಿಗಿ ಅಥವಾ ಸಡಿಲ ಮಾಡುತ್ತಾರೆ.