ಹೊಳಪಿನ ಆಸೆಗೆ ದೇವರ ಮೂಗು ಸವೆಸಬೇಡಿ

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಅಂಗಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ಇದನ್ನ ಹೊಸದರ ಥರ ಫಳಫಳ ಮಾಡಿಕೊಡ್ತೀರಾ?" ಚೀಲದಿಂದ ಹೊರಬರುವುದು ಅಜ್ಜಿ ಕಾಲದ ಕೃಷ್ಣ, ಲಕ್ಷ್ಮಿ, ಇಲ್ಲವೇ ಅನ್ನಪೂರ್ಣೆ. ನೋಡಿದರೆ ಆಗಲೇ ಚೆನ್ನಾಗಿ ಹೊಳೆಯುತ್ತಿರುತ್ತದೆ. ಮೂಗು ಮಾತ್ರ ಇರುವುದಿಲ್ಲ.

ಎರಕ, ಬೆಸುಗೆ, ರಿಪೇರಿ ನನ್ನ ಕಸುಬು. ಹಿತ್ತಾಳೆ ವಿಗ್ರಹ ಕೈಜಾರಿ ಬಿದ್ದು ಮುರಿಯುವುದು ಅಪರೂಪ. ನನ್ನ ಮೇಜಿಗೆ ಬರುವ ಹೆಚ್ಚಿನವು ಭಕ್ತಿಯಿಂದ ಉಜ್ಜಿ ಉಜ್ಜಿ ಹಾಳಾದವು. ಪ್ರತಿ ಶುಕ್ರವಾರ ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಈಗಂತೂ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಕೂಡ ದೇವರ ಮನೆಗೆ ಬಂದಿದೆ. ದೇವರು ಕಪ್ಪಾದರೆ ಮನೆಗೆ ಒಳ್ಳೆಯದಲ್ಲ ಅನ್ನುವ ಭಯ ಬೇರೆ.

ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ಒಣಗಿದ ಮಾತು ಇದು: ಹೊಳಪು ಬೇರೆ, ಶುಚಿ ಬೇರೆ. ಹಿತ್ತಾಳೆ ಮಂಕಾಗುವುದು ಕೊಳೆಯಿಂದಲೇ ಆಗಬೇಕೆಂದಿಲ್ಲ. ಗಾಳಿ, ತೇವ ತಗುಲಿ ಲೋಹದ ಮೇಲ್ಮೈಯೇ ಬಣ್ಣ ಬದಲಿಸುತ್ತದೆ. ಆ ಕಂದು ಪದರ ತುಂಬಾ ತೆಳು, ಆದರೆ ಒಳಗಿನ ಲೋಹಕ್ಕೆ ಅದೇ ಒಂದು ಮಟ್ಟಿಗೆ ಕಾವಲು. ಅದನ್ನು ತಿಕ್ಕಿ ತೆಗೆದರೆ ಹೊಸ ಲೋಹ ಗಾಳಿಗೆ ಬೀಳುತ್ತದೆ, ಅದೂ ಮಂಕಾಗುತ್ತದೆ, ಮುಂದಿನ ಶುಕ್ರವಾರ ಅದನ್ನೂ ತೆಗೆಯುತ್ತೀರಿ. ಬಟ್ಟೆಗೆ ಹತ್ತುವ ಆ ಕಪ್ಪು ಇದೆಯಲ್ಲ, ಅದು ಸವೆದ ವಿಗ್ರಹವೇ. ವರ್ಷಕ್ಕೆ ಐವತ್ತು ವಾರ, ಒಂದು ತಲೆಮಾರು, ಎರಡು ತಲೆಮಾರು. ಲೆಕ್ಕ ನೀವೇ ಹಾಕಿ.

ಹುಣಸೆಹಣ್ಣು ಹಿಂದಿನಿಂದ ಬಂದದ್ದು ತಾನೆ, ಅದರಿಂದೇನು ಅಪಾಯ ಅನ್ನುತ್ತಾರೆ. ಸರಿ, ಕೇಳಿ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಸಾಮಾನ್ಯವಾಗಿ 60ರಿಂದ 70 ಭಾಗ ತಾಮ್ರ, ಉಳಿದದ್ದು ಬಹುಪಾಲು ಸತು. ಹುಣಸೆಯ ಟಾರ್ಟಾರಿಕ್ ಆಮ್ಲವಾಗಲಿ, ನಿಂಬೆಯ ಸಿಟ್ರಿಕ್ ಆಮ್ಲವಾಗಲಿ ಮೊದಲು ಮೇಲಿನ ಮಂಕು ಪದರವನ್ನು ಕರಗಿಸುತ್ತದೆ. ಎರಡು ನಿಮಿಷದಲ್ಲಿ ಆ ಕೆಲಸ ಮುಗಿಯುತ್ತದೆ. ಆಮೇಲೂ ನೆನೆಹಾಕಿದರೆ ಹಿತ್ತಾಳೆಯೊಳಗಿನ ಸತು ಬಿಟ್ಟುಹೋಗಲು ಶುರುವಾಗುತ್ತದೆ. ಮೇಲೆ ತಾಮ್ರ ಉಳಿದು ಅಲ್ಲಲ್ಲಿ ಕೆಂಪು ಮಚ್ಚೆ ಏಳುತ್ತದೆ. ಜೊತೆಗೆ ಉಪ್ಪು ಹಾಕಿದ್ದರೆ ಇನ್ನೂ ಕೆಟ್ಟದು. ಉಪ್ಪಿನಲ್ಲಿರುವ ಕ್ಲೋರೈಡ್ ಸಂದಿಗಳಲ್ಲಿ ಉಳಿದರೆ ತೇವ ಸಿಕ್ಕಾಗಲೆಲ್ಲ ಹಸಿರು ಕಿಲುಬು ಬರುತ್ತಲೇ ಇರುತ್ತದೆ.

ನಿವೃತ್ತ ಮೇಷ್ಟ್ರೊಬ್ಬರು ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ ಮನೆಯ ವೇಣುಗೋಪಾಲನನ್ನು ರಾತ್ರಿಯಿಡೀ ನಿಂಬೆರಸದಲ್ಲಿ ಮುಳುಗಿಸಿಟ್ಟಿದ್ದರು. ಬೆಳಿಗ್ಗೆ ಮೈತುಂಬ ಕೆಂಪು ಮಚ್ಚೆ. ಅವರಿಗೆ ಗಾಬರಿಯೇನೂ ಆಗಿರಲಿಲ್ಲ, ಖುಷಿಯಾಗಿತ್ತು.

"ನೋಡಿ, ಒಳಗಿಂದ ಕೆಂಪು ಲೋಹ ಕಾಣ್ತಿದೆ. ಇದು ಪಂಚಲೋಹ ಅಲ್ವಾ? ಚಿನ್ನ ಇರಬಹುದಾ?"

"ಇಲ್ಲ ಸಾರ್. ಸತು ಹೋಗಿದೆ, ಅದಕ್ಕೇ ತಾಮ್ರ ಕಾಣ್ತಿದೆ."

ನನ್ನ ಮೇಲೆ ನಂಬಿಕೆ ಬರಲಿಲ್ಲ. ಅಕ್ಕಸಾಲಿಗರ ಹತ್ತಿರ ಹೋದರು. ಅವರೂ ಅದನ್ನೇ ಹೇಳಿದರಂತೆ. ಸಂಜೆಗೆ ವಾಪಸ್ ಬಂದು, "ಹಾಗಾದ್ರೆ ಆ ಸತು ವಾಪಸ್ ಹಾಕಿಕೊಡಿ" ಅಂದರು. ನಗು ತಡೆದುಕೊಳ್ಳೋದು ಕಷ್ಟವಾಯಿತು. ಹೋದ ಸತುವನ್ನು ಹಾಗೆ ತುಂಬಲು ಆಗುವುದಿಲ್ಲ. ಕೆಂಪು ಪದರವನ್ನು ತಿಕ್ಕಿ ತೆಗೆಯಬಹುದು, ಅಂದರೆ ಇನ್ನಷ್ಟು ಲೋಹ ಕಳೆಯಬೇಕು. ಬೇಡ, ಹಾಗೇ ಪೂಜೆ ಮಾಡಿ ಅಂದು ಕಳಿಸಿದೆ.

ಲೋಹ ಸ್ವಲ್ಪ ಸವೆದರೆ ಏನಾಯಿತು, ತೂಕ ಕಡಿಮೆಯಾಗಿಲ್ಲವಲ್ಲ ಅಂತ ಕೇಳುವವರೂ ಇದ್ದಾರೆ. ಸವೆಯುವುದು ಎಲ್ಲಿ ಅಂತ ನೋಡಿ. ಬೆನ್ನು, ಪೀಠ ಹಾಗೇ ಇರುತ್ತವೆ. ಉಬ್ಬಿದ ಜಾಗ ಮೊದಲು ಹೋಗುತ್ತದೆ: ಮೂಗು, ಹುಬ್ಬು, ಬೆರಳು, ಕೈಯಲ್ಲಿರುವ ಆಯುಧ. ಮನೆಯಲ್ಲಿ ಒಂದು ಗೇಣಿಗಿಂತ ದೊಡ್ಡ ವಿಗ್ರಹ ಬೇಡ ಅನ್ನುವ ರೂಢಿ ಇರುವುದರಿಂದ ನಮ್ಮ ದೇವರೆಲ್ಲ ಚಿಕ್ಕವರು. ಮೂರು ಇಂಚಿನ ವಿಷ್ಣುವಿನ ಕೈಯಲ್ಲಿ ಶಂಖ ಅಂದರೆ ಒಂದು ಜೋಳದ ಕಾಳಿನಷ್ಟು. ಅದರ ಮೇಲಿನ ಸುರುಳಿ ಗೆರೆ ಕೂದಲಿನಷ್ಟೂ ಆಳ ಇರುವುದಿಲ್ಲ.

ಆ ಕಾಳಿನಷ್ಟು ಲೋಹದಲ್ಲೇ ದೇವರ ಗುರುತು ಇರುವುದು. ಸಂಧ್ಯಾವಂದನೆ ಮಾಡುವವರಿಗೆ ಕೇಶವ, ನಾರಾಯಣ, ಮಾಧವ ಅಂತ ಇಪ್ಪತ್ನಾಲ್ಕು ಹೆಸರು ಬಾಯಿಪಾಠ ಇರುತ್ತದೆ. ಶಿಲ್ಪದಲ್ಲಿ ಆ ಇಪ್ಪತ್ನಾಲ್ಕೂ ನಿಂತ ಚತುರ್ಭುಜ ಮೂರ್ತಿಗಳೇ. ಕಿರೀಟ ಒಂದೇ, ಮುಖ ಒಂದೇ. ನಾಲ್ಕು ಕೈಯಲ್ಲಿ ಶಂಖ, ಚಕ್ರ, ಗದೆ, ಪದ್ಮ ಯಾವ ಕ್ರಮದಲ್ಲಿವೆ ಅನ್ನುವುದರ ಮೇಲೆ ಹೆಸರು. ಕೇಶವನಿಗೆ ಕೆಳಗಿನ ಬಲಗೈಯಲ್ಲಿ ಪದ್ಮ, ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ. ಮೇಲಿನ ಎರಡು ಕೈಗಳ ಶಂಖ ಚಕ್ರ ಅದಲುಬದಲಾದರೆ ಅವನು ಜನಾರ್ದನ. ಗ್ರಂಥದಿಂದ ಗ್ರಂಥಕ್ಕೆ ಕ್ರಮದಲ್ಲಿ ವ್ಯತ್ಯಾಸ ಇದೆ, ಆ ಜಗಳಕ್ಕೆ ನಾನು ಬರುವುದಿಲ್ಲ. ಸೋಮನಾಥಪುರಕ್ಕೆ ಹೋದಾಗ 1258ರ ಆ ಹೊಯ್ಸಳ ಗುಡಿಯಲ್ಲಿ ಮೂರ್ತಿಗಳ ಕೈ ನೋಡುತ್ತಾ ಸುತ್ತು ಬನ್ನಿ, ನಾನು ಹೇಳಿದ್ದು ತಿಳಿಯುತ್ತದೆ. ಈಗ ಮನೆಯ ವಿಗ್ರಹ ತೆಗೆದು ನೋಡಿ. ಎರಡು ಕೈಯಲ್ಲೂ ಬರೀ ಗುಂಡಗಿನ ಉಂಡೆ ಉಳಿದಿದ್ದರೆ ಅವನು ಕೇಶವನೋ ಜನಾರ್ದನನೋ ಯಾರು ಹೇಳಬೇಕು? ಅನ್ನಪೂರ್ಣೆಯ ಸೌಟು, ಅಂಬೆಗಾಲು ಕೃಷ್ಣನ ಬೆಣ್ಣೆ, ಗಣಪನ ಮುರಿದ ದಂತ, ಎಲ್ಲದರ ಕಥೆಯೂ ಇಷ್ಟೇ. ಒಂದು ಮನೆಯ ಗಣಪನಿಗೆ ಎರಡೂ ದಂತ ಸಮನಾಗಿಬಿಟ್ಟಿದ್ದವು.

ಇದು ಮಾಡುವವನ ಕಷ್ಟವೂ ಹೌದು. ತಮಿಳುನಾಡಿನ ಸ್ವಾಮಿಮಲೈ ಕಡೆಯಲ್ಲಾಗಲಿ, ನಮ್ಮ ನಾಗಮಂಗಲದಲ್ಲಾಗಲಿ ಮೇಣದ ಅಚ್ಚಿನ ಕೆಲಸದಲ್ಲಿ ಒಂದು ಅಚ್ಚಿಗೆ ಒಂದೇ ವಿಗ್ರಹ. ಮೇಣದಲ್ಲಿ ಮುಖ ತಿದ್ದಬೇಕು, ಮಣ್ಣು ಮೆತ್ತಬೇಕು, ಮೇಣ ಕರಗಿಸಿ ಲೋಹ ಹೊಯ್ಯಬೇಕು, ಮಣ್ಣು ಒಡೆದ ಮೇಲೆ ಉಳಿ ಹಿಡಿದು ಕೂರಬೇಕು. ಕಣ್ಣಿನ ಗೆರೆ ಕೊನೆಯ ಕೆಲಸ. ಅಲಿಗಢ, ಮೊರಾದಾಬಾದ್‌ ಕಡೆಯಿಂದ ಬರುವ ಅಗ್ಗದ ವಿಗ್ರಹಗಳಲ್ಲಿ ಹೆಚ್ಚಿನವು ಮರಳಿನ ಅಚ್ಚಿನವು. ಕೆಲಸ ಕೆಟ್ಟದು ಅಂತಲ್ಲ, ಅಲ್ಲೂ ಒಳ್ಳೆಯ ಕುಶಲಿಗಳಿದ್ದಾರೆ. ಗೆರೆಗಳು ಮೊದಲೇ ತೆಳು, ಅದಕ್ಕೆ ಅವು ಬೇಗ ಅಳಿಸುತ್ತವೆ.

ಹೊಸ ವಿಗ್ರಹಗಳಲ್ಲಿ ಇನ್ನೊಂದು ತೊಂದರೆ. ಮಂಕಾಗದಿರಲಿ ಅಂತ ಲ್ಯಾಕರ್, ಅಂದರೆ ವಾರ್ನಿಷ್ ಥರದ ಪಾರದರ್ಶಕ ಲೇಪ ಹೊಡೆದಿರುತ್ತಾರೆ. ಅದರ ಮೇಲೆ ಹುಣಸೆಹಣ್ಣು ತಿಕ್ಕಿದರೆ ಏನೂ ಪ್ರಯೋಜನವಿಲ್ಲ. ಗೀರು ಬಿದ್ದ ಕಡೆ ಮಾತ್ರ ನೀರು ಇಳಿದು ಒಳಗೇ ಕಪ್ಪು ಗೆರೆ ಹಬ್ಬುತ್ತದೆ. ಕೊಳ್ಳುವಾಗಲೇ ಕೇಳಿ. ಅಭಿಷೇಕ ಮಾಡುವ ವಿಗ್ರಹವಾದರೆ ಲ್ಯಾಕರ್ ಇಲ್ಲದ್ದೇ ಇರಲಿ. ಎದ್ದ ಪದರ ತೀರ್ಥದಲ್ಲಿ ಸೇರುವುದು ಯಾರಿಗೆ ಬೇಕು?

ಅಭಿಷೇಕ ಅಂದಾಗ ಪಂಚಾಮೃತದ ಮಾತು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಡಬಾರದು ಅಂತ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಮೊಸರು ವಿಗ್ರಹದ ಮೇಲಿದ್ದಾಗ ನಿಯಮ ಬದಲಾಗುವುದಿಲ್ಲ. ಅಭಿಷೇಕ ಮಾಡಿ, ಬೇಡ ಅನ್ನಲು ನಾನು ಯಾರು? ಮುಗಿದ ತಕ್ಷಣ ತೊಳೆಯಿರಿ. ವಿಗ್ರಹವನ್ನು ಪಂಚಾಮೃತದ ಬಟ್ಟಲಲ್ಲೇ ಮಧ್ಯಾಹ್ನದ ತನಕ ಕೂರಿಸಿಟ್ಟು ಅದನ್ನೇ ಮಕ್ಕಳಿಗೆ ಕೊಡಬೇಡಿ. ಹಿತ್ತಾಳೆಯಲ್ಲಿ ಕೆಲವೊಮ್ಮೆ ಸೀಸವೂ ಇರುತ್ತದೆ, ಯಾವುದರಲ್ಲಿ ಎಷ್ಟು ಅಂತ ಕಣ್ಣಿಗೆ ಕಾಣುವುದಿಲ್ಲ.

ಹಾಗಾದರೆ ಮಾಡುವುದೇನು? ದಿನದ ಧೂಳಿಗೆ ಮೆತ್ತನೆಯ ಪೇಂಟ್ ಬ್ರಷ್ ಸಾಕು. ಕುಂಕುಮ, ಗಂಧ, ಎಣ್ಣೆ ಜಿಡ್ಡು ಕೂತಿದ್ದರೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಅಂಟುವಾಳ ಕಾಯಿ ಹಾಕಿ, ಅದೇ ಬ್ರಷ್‌ನಿಂದ ಸಂದಿಗಳನ್ನು ಬಿಡಿಸಿ. ಚೆನ್ನಾಗಿ ನೀರು ಹಾಕಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಪೀಠದ ಕೆಳಗಿನ ಟೊಳ್ಳಿನಲ್ಲಿ ನೀರು ನಿಂತಿರುತ್ತದೆ, ಬೋರಲು ಹಾಕಿ ಒಣಗಿಸಿ. ಇದನ್ನು ಯಾರೂ ಮಾಡುವುದಿಲ್ಲ, ಕಿಲುಬು ಎಷ್ಟೋ ಸಲ ಅಲ್ಲಿಂದಲೇ ಶುರು. ಹೊಳಪು ಬೇಕೇ ಬೇಕು ಅನ್ನುವವರು ಹಬ್ಬಕ್ಕೊಮ್ಮೆ ಪೀಠಕ್ಕೆ, ಪ್ರಭಾವಳಿಯ ಅಂಚಿಗೆ ಉಪ್ಪಿಲ್ಲದ ಹುಣಸೆ ನೀರು ಹಚ್ಚಿ ಎರಡೇ ನಿಮಿಷದಲ್ಲಿ ತೊಳೆದುಬಿಡಿ. ಮುಖಕ್ಕೆ ಬೇಡ. ದೀಪಗಳನ್ನು ಎಷ್ಟು ಬೇಕಾದರೂ ತಿಕ್ಕಿ, ನನ್ನದೇನೂ ತಕರಾರಿಲ್ಲ.

ತುಂಬಾ ಹಳೆಯದು, ಕಂಚಿನದು ಇರಬಹುದು ಅನ್ನಿಸಿದರೆ ಏನನ್ನೂ ಹಚ್ಚಬೇಡಿ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಒಣಗಿದ ಜಾಗದಲ್ಲಿಟ್ಟು ತಿಳಿದವರಿಗೆ ತೋರಿಸಿ. ಅಮೆರಿಕದಲ್ಲಿರುವ ಮಗಳಿಗೆ ಅಂತ ಅಂಥದ್ದನ್ನು ಪಾಲಿಷ್ ಮಾಡಿಸಲು ತರುವವರಿಗೆ ಇನ್ನೊಂದು ಮಾತು: ನೂರು ವರ್ಷ ದಾಟಿದ ವಿಗ್ರಹವನ್ನು ನಾವು ನೀವು ಹೊರದೇಶಕ್ಕೆ ಒಯ್ಯಲು 1972ರ ಪುರಾವಸ್ತು ಕಾಯ್ದೆ ಬಿಡುವುದಿಲ್ಲ. ಮೂಗು ಸವೆದ ವಿಗ್ರಹ ಭಿನ್ನ, ಅಂದರೆ ಊನವಾದದ್ದು ಅಂತ ಆಗುತ್ತದೆಯೇ, ಪೂಜೆಗೆ ಬರುತ್ತದೆಯೇ ಅಂತಲೂ ನನ್ನನ್ನೇ ಕೇಳುತ್ತಾರೆ. ಅದು ನಿಮ್ಮ ಪುರೋಹಿತರು ಹೇಳಬೇಕಾದ ಮಾತು.

ವರಮಹಾಲಕ್ಷ್ಮಿಗೆ ಲಕ್ಷ್ಮಿ ಮುಖ ತರುವವರು ದಯವಿಟ್ಟು ಹತ್ತು ದಿನ ಮೊದಲೇ ಬನ್ನಿ. ಹಿಂದಿನ ದಿನ ಸಂಜೆ ತಂದು "ಅರ್ಧ ಗಂಟೇಲಿ ಕೊಡಿ ಅಣ್ಣಾ" ಅಂದರೆ ಅರ್ಧ ಗಂಟೆಯಲ್ಲಿ ಆಗುವುದು ಮೇಲ್ಮೈ ತಿಕ್ಕಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿಯುವ ಕೆಲಸ ಒಂದೇ. ಅದನ್ನು ನಾನು ಮುಖಕ್ಕೆ ಮಾಡುವುದಿಲ್ಲ. ಮಾಡಿಕೊಡುವ ಅಂಗಡಿ ಪಕ್ಕದ ಬೀದಿಯಲ್ಲೇ ಇದೆ ಅನ್ನೋದು ನನಗೂ ಗೊತ್ತು.