ದಿನಸಿ ಕೊಟ್ಟರೂ ಊರಿಗೆ ಹೋಗ್ತೀವಿ ಅಂತ ಯಾಕೆ ಅಳುತ್ತಿದ್ದರು?

ಓದುಗರ ಪ್ರಶ್ನೆ: ಲಾಕ್‌ಡೌನ್‌ನಲ್ಲಿ ಮೈಸೂರಿನ ನಮ್ಮ ಬಡಾವಣೆ ಪಕ್ಕದ ಶೆಡ್‌ಗಳಲ್ಲಿದ್ದ ಬಿಹಾರ, ಒಡಿಶಾದ ಕೆಲಸಗಾರರಿಗೆ ಅಕ್ಕಿ, ಬೇಳೆ ಎಲ್ಲ ಕೊಟ್ಟಿದ್ದೆವು. ಆದರೂ ಊರಿಗೆ ಕಳಿಸಿ ಅಂತ ಅಳುತ್ತಿದ್ದರು. ಯಾಕೆ?

ಇದನ್ನು ತುಂಬಾ ಜನ ಕೇಳುತ್ತಾರೆ. ನೀವು ಕೊಟ್ಟಿದ್ದು ಸಣ್ಣ ಸಹಾಯ ಅಲ್ಲ. ಆದರೆ ಅವರ ಸಂಕಟ ಬರೀ ಹಸಿವಿನದ್ದಾಗಿರಲಿಲ್ಲ.

ಮೊದಲು ಆ ಶೆಡ್ ನೋಡಿ. ಕೂರ್ಗಳ್ಳಿ, ಹೆಬ್ಬಾಳದ ಕಡೆ ಕಟ್ಟಡ ಏಳುವಲ್ಲೆಲ್ಲ ಇರುತ್ತವೆ. ಸುತ್ತ ತಗಡು, ಮೇಲೂ ತಗಡು, ಗಾಳಿಗೆ ಹಾರದಿರಲಿ ಅಂತ ಅದರ ಮೇಲೆ ನಾಲ್ಕು ಕಲ್ಲು. ಏಪ್ರಿಲ್ ಬಿಸಿಲಿಗೆ ಹನ್ನೊಂದು ಗಂಟೆಗೇ ಒಳಗೆ ಕೂರೋಕಾಗಲ್ಲ. ಮಾಮೂಲಿ ದಿನಗಳಲ್ಲಿ ಅದು ರಾತ್ರಿ ಮೈ ಚಾಚುವ ಜಾಗ ಅಷ್ಟೇ. 2020ರ ಮಾರ್ಚ್ 25ರಿಂದ ಐದಾರು ಜನ ಹಗಲೂ ರಾತ್ರಿ ಅದರೊಳಗೇ ಇರಬೇಕಾಯಿತು. ಇದ್ದ ಒಂದೇ ಪ್ಲಗ್ಗಿಗೆ ಸರದಿ ಮೇಲೆ ಮೊಬೈಲ್ ಹಾಕಿ ಊರಿಗೆ ಫೋನ್ ಮಾಡಿದರೆ, ಹೆಂಡತಿ ದನಿಗಿಂತ ಮೊದಲು ಕೇಳುತ್ತಿದ್ದುದು ಆ ಕೊರೊನಾ ಕಾಲರ್ ಟ್ಯೂನಿನ ಕೆಮ್ಮು.

ಜಾಸ್ತಿ ಕೊರೆದದ್ದು ಮಾತ್ರ ಯಾವತ್ತಿಗೆ ಮುಗಿಯುತ್ತೆ ಅಂತ ಗೊತ್ತಿಲ್ಲದಿರುವುದು. 21 ದಿನ ಅಂದರು, ಆಮೇಲೆ ಮೇ 3, ಆಮೇಲೆ ಮೇ 17. ಕೆಲಸಗಾರರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲು ಬಂತು ಅಂತ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಹೆಸರು ಬರೆಸಿದರೆ, ಮೇ ಮೊದಲ ವಾರ ರಾಜ್ಯ ಸರ್ಕಾರವೇ ರೈಲು ಬೇಡ ಅಂದಿತು. ಎಲ್ಲ ಕಡೆ ಟೀಕೆ ಬಂದಮೇಲೆ ಮತ್ತೆ ರೈಲು ಬಿಟ್ಟರು. ಅಷ್ಟರಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದವರ ಎದೆ ಏನಾಗಿರಬೇಡ? ಬಾಕಿ ಕೂಲಿ ಕೇಳೋಣ ಅಂದರೆ ಮೇಸ್ತ್ರಿ ಫೋನ್ ಎತ್ತುತ್ತಿರಲಿಲ್ಲ. ತಿಂಗಳು ತಿಂಗಳು ಮನೆಗೆ ದುಡ್ಡು ಕಳಿಸುತ್ತಿದ್ದ ಮಗ, ರೀಚಾರ್ಜ್ ಮಾಡಿಸಿ ಅಂತ ಅಪ್ಪನ ಹತ್ತಿರವೇ ಕೇಳಬೇಕಾಯಿತು. ಕಿಟ್ ಇಸ್ಕೊಳ್ಳುವಾಗ ಫೋಟೋಗೆ ಬೇರೆ ನಿಲ್ಲಬೇಕು. ಆ ನಾಚಿಕೆ ಅಕ್ಕಿಯಿಂದ ಹೋಗಲ್ಲ. ಇಲ್ಲೇ ಸತ್ತರೆ ಮಣ್ಣು ಮಾಡೋರು ಯಾರು ಅನ್ನೋ ಭಯ ಬೇರೆ.

ಇದು ಹೊರಗಿನವರಿಗೆ ಮಾತ್ರ ಆಗುವುದಲ್ಲ. ಅದೇ ಮೇ ತಿಂಗಳಲ್ಲಿ ಮುಂಬೈಯಿಂದ ಕೆ.ಆರ್. ಪೇಟೆ ಕಡೆಗೆ ವಾಪಸ್ ಬಂದವರು ನಮ್ಮ ಮಂಡ್ಯದವರೇ. ಕ್ವಾರಂಟೈನ್ ಆದರೂ ಪರವಾಗಿಲ್ಲ, ನಮ್ಮ ಜಿಲ್ಲೆಯಲ್ಲಿರ್ತೀವಿ ಅಂತ ಬಂದರು. ಬಂದಮೇಲೆ ಊರವರೇ ಹೆದರಿ ದೂರ ನಿಂತಾಗ ಅವರ ನಿದ್ದೆಯೂ ಕೆಟ್ಟಿತ್ತು.

ಪರಿಹಾರ ಕೇಂದ್ರಗಳಿಗೆ ಆಪ್ತಸಮಾಲೋಚಕರನ್ನು ಕಳಿಸಿ ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್ 31ರಂದೇ ಹೇಳಿತ್ತು. ಶೆಡ್‌ಗಳಲ್ಲಿ ಉಳಿದವರಿಗೆ ಅದು ದಕ್ಕಿದ್ದು ಕಡಿಮೆ ಅಂತಲೇ ನನ್ನ ಅನಿಸಿಕೆ. ಈಗ 14416 ಇದೆ, 2022ರಲ್ಲಿ ಶುರುವಾದ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿ ಸಿಗುತ್ತದೆ, ಹಿಂದಿಯಲ್ಲೂ ಮಾತಾಡಬಹುದು. ನಿದ್ದೆ ಬರದೆ, ಊಟ ಸೇರದೆ, ಯಾರ ಜೊತೆಗೂ ಮಾತಾಡದೆ ಕೂತವರು ಕಂಡರೆ ನಂಬರ್ ಬರೆದು ಕೊಟ್ಟು ಬರಬೇಡಿ, ನಿಮ್ಮ ಫೋನಿನಲ್ಲೇ ಹಚ್ಚಿಕೊಡಿ. ಅದಕ್ಕೂ ಮೊದಲು ಮೇಸ್ತ್ರಿ ಹತ್ತಿರ ಅವರ ಬಾಕಿ ಎಷ್ಟಿದೆ ಅಂತ ಕೇಳಿ. ನೀವು ಕೇಳಿದರೆ ಫೋನ್ ಎತ್ತುತ್ತಾನೆ.