ಶಿಕ್ಷೆ ಹೆಚ್ಚಿಸುವ ಮೊದಲು ತನಿಖೆಯ ದಾರಿ ಸರಿಯಾಗಲಿ

ಮಾನವ ಕಳ್ಳಸಾಗಣೆಯ ಪ್ರಕರಣವೊಂದು ಬಯಲಿಗೆ ಬಂದಾಗಲೆಲ್ಲ ರಾಜ್ಯದ ಕಾನೂನು ಇನ್ನಷ್ಟು ಬಿಗಿಯಾಗಬೇಕೆಂಬ ಮಾತು ಏಳುತ್ತದೆ. ಧಾರವಾಡ ಮತ್ತು ಹಾವೇರಿಯ ನ್ಯಾಯಾಲಯಗಳಲ್ಲಿ ಇಂಥ ಪ್ರಕರಣಗಳನ್ನು ನಡೆಸುತ್ತ ಬಂದಿರುವ ವಕೀಲನಾಗಿ ನನಗೂ ಆ ಮಾತು ಒಪ್ಪಿಗೆಯೇ. ಆದರೆ ಬಿಗಿ ಮಾಡಬೇಕಾದ ಜಾಗ ಯಾವುದು ಎಂಬಲ್ಲಿ ನನ್ನ ಅಭಿಪ್ರಾಯ ಬೇರೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನ ಪ್ರಕಾರ ವಯಸ್ಕರೊಬ್ಬರನ್ನು ಸಾಗಿಸಿದವನಿಗೆ ಕನಿಷ್ಠ 7 ವರ್ಷ, ಮಗುವನ್ನು ಸಾಗಿಸಿದವನಿಗೆ ಕನಿಷ್ಠ 10 ವರ್ಷ ಸೆರೆವಾಸವಿದ್ದು, ಸಾಗಣೆಯಲ್ಲಿ ಪೊಲೀಸ್ ಅಧಿಕಾರಿಯೋ ಸರ್ಕಾರಿ ನೌಕರನೋ ಪಾಲುದಾರನಾಗಿದ್ದರೆ ಆತ ಬದುಕಿನ ಕೊನೆಯವರೆಗೂ ಜೈಲಿನಲ್ಲಿರಬೇಕಾಗುತ್ತದೆ. ಸಂತ್ರಸ್ತೆ ಒಪ್ಪಿಕೊಂಡೇ ಹೋಗಿದ್ದಳೆಂಬ ವಾದಕ್ಕೂ ಅಲ್ಲಿ ಬೆಲೆಯಿಲ್ಲ. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಬರೆದಿಟ್ಟರೂ ಪ್ರಕರಣ ಸಾಬೀತಾಗದಿದ್ದಲ್ಲಿ ಆರೋಪಿ ಖುಲಾಸೆಯಾಗಿಯೇ ಹೊರಬರುತ್ತಾನೆ.

ನಮ್ಮ ಭಾಗದ ಸಂದರ್ಭವನ್ನೇ ಉದಾಹರಣೆಯಾಗಿ ಊಹಿಸೋಣ. ಹಾನಗಲ್ಲ ಅಥವಾ ಶಿರಹಟ್ಟಿ ಕಡೆಯ ಹಳ್ಳಿಯೊಂದರ ಹುಡುಗಿಗೆ ಮನೆಗೆಲಸ ಕೊಡಿಸುವುದಾಗಿ ಪರಿಚಯದ ಹೆಂಗಸೊಬ್ಬಳು ಹೇಳಿ, ಮುಂಗಡವೆಂದು ತಂದೆಯ ಕೈಗೆ ಒಂದಿಷ್ಟು ಹಣವಿಟ್ಟು, ಹುಬ್ಬಳ್ಳಿಯಲ್ಲಿ ರೈಲು ಹತ್ತಿಸಿ ಗೋವಾಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ದಾಳಿಯಾದರೆ ಪ್ರಕರಣವೂ ಅಲ್ಲೇ ದಾಖಲಾಗಿ, ವೇಶ್ಯಾಗೃಹ ನಡೆಸಿದವನು ಆರೋಪಿಯಾಗುತ್ತಾನೆ. ಊರಿನಿಂದ ಕರೆದೊಯ್ದವಳ ಹೆಸರು ದೋಷಾರೋಪ ಪಟ್ಟಿಯಲ್ಲಿ ಬರುವುದೇ ಅಪರೂಪ. ವಾಸ್ತವದಲ್ಲಿ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 5ನೇ ಕಲಮು ಹುಡುಗಿಯನ್ನು ಕರೆದೊಯ್ದ ಊರಿನಲ್ಲಿಯೂ ವಿಚಾರಣೆ ನಡೆಸಬಹುದೆಂದು ಸ್ಪಷ್ಟವಾಗಿ ಹೇಳಿದೆ. ಎಂದರೆ ಹಾವೇರಿ ಅಥವಾ ಗದಗ ಜಿಲ್ಲೆಯ ಠಾಣೆಯೇ ಆ ಮಧ್ಯವರ್ತಿಯ ವಿರುದ್ಧ ಪ್ರಕರಣ ದಾಖಲಿಸಿ, ಮುಂಗಡ ಹಣ, ಫೋನ್ ಕರೆಗಳ ವಿವರ, ಟಿಕೆಟ್ಟು ಇವುಗಳ ಸಾಕ್ಷ್ಯ ಕಲೆಹಾಕಬಹುದು. ಹೀಗಿದ್ದರೂ ದೂರು ಕೊಡಲು ಬಂದ ತಂದೆಗೆ ‘ಅದು ಗೋವಾ ಪೊಲೀಸರ ಕೆಲಸ’ ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಕಾನೂನಿನಲ್ಲಿ ತೆರೆದಿರುವ ಬಾಗಿಲು ಠಾಣೆಯ ಮೇಜಿನ ಮೇಲೆ ಮುಚ್ಚಿಹೋಗುವುದು ಇಲ್ಲಿಯೇ.

ಈ ಕಾಯ್ದೆ ಕೇಂದ್ರದ್ದಾದರೂ 23ನೇ ಕಲಮಿನಡಿ ನಿಯಮ ರಚಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅಪರಾಧ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ ಇರುವುದರಿಂದ, ರಾಷ್ಟ್ರಪತಿಗಳ ಅಂಕಿತ ಪಡೆದು ಮೂಲ ಕಾಯ್ದೆಗೇ ರಾಜ್ಯ ತಿದ್ದುಪಡಿ ತರುವುದಕ್ಕೂ ಅವಕಾಶವಿದೆ. ಹೆಣ್ಣುಮಗಳು ಹೊರಟ ಊರಿನ ಠಾಣೆ ಪ್ರತ್ಯೇಕ ತನಿಖೆ ನಡೆಸುವುದನ್ನು ಕಡ್ಡಾಯಗೊಳಿಸುವುದು ನನ್ನ ದೃಷ್ಟಿಯಲ್ಲಿ ಮೊದಲು ಆಗಬೇಕಾದ ತಿದ್ದುಪಡಿ. 13ನೇ ಕಲಮಿನಡಿ ವಿಶೇಷ ಪೊಲೀಸ್ ಅಧಿಕಾರಿಗೆ ನೆರವಾಗಲು ಸ್ಥಳೀಯ ಸಮಾಜ ಸೇವಕರ ಸಲಹಾ ಸಮಿತಿಯನ್ನು ನೇಮಿಸಬಹುದು, 22ಎ ಕಲಮಿನಡಿ ವಿಶೇಷ ನ್ಯಾಯಾಲಯ ಸ್ಥಾಪಿಸಬಹುದು ಎಂದಿದೆ. ‘ಬಹುದು’ ಎಂದಿರುವಲ್ಲೆಲ್ಲ ‘ತಕ್ಕದ್ದು’ ಎಂದಾಗಬೇಕು.

ದಾಳಿಯ ವಿಧಿವಿಧಾನವನ್ನು ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ಆರೋಪಿಯ ಪರ ವಕೀಲರು ಮೊದಲು ಕೈಹಾಕುವುದು ಅಲ್ಲಿಗೇ. ಇದೇ ಕಾಯ್ದೆಯ 15ನೇ ಕಲಮಿನ ಪ್ರಕಾರ ಶೋಧನೆಗೆ ಸಾಕ್ಷಿಯಾಗಿ ನಿಲ್ಲುವ ಇಬ್ಬರು ಗೌರವಾನ್ವಿತ ಪಂಚರಿರಬೇಕು, ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು, ದಾಳಿಯ ತಂಡದಲ್ಲಿ ಇಬ್ಬರು ಮಹಿಳಾ ಪೊಲೀಸರಿರಬೇಕು. ರಾತ್ರಿ ಹೊತ್ತಿನ ದಾಳಿಗೆ ಮಹಿಳಾ ಪಂಚರನ್ನು ಹುಡುಕಲು ಸಮಯವಿಲ್ಲವೆಂದು ಹಳೆಯ ಪರಿಚಯದ ಪಂಚರಿಂದಲೇ ಸಹಿ ಹಾಕಿಸಿಕೊಂಡರೆ, ಪಾಟೀ ಸವಾಲಿನಲ್ಲಿ ಅವರು ನಿಲ್ಲುವುದಿಲ್ಲ. ಮಹಿಳಾ ಪಂಚರು ಅದೇ ಬಡಾವಣೆಯವರಾಗಿರಬೇಕಿಲ್ಲ ಎಂಬ ವಿನಾಯಿತಿಯನ್ನು ಕಾಯ್ದೆಯೇ ಕೊಟ್ಟಿರುವುದರಿಂದ ಪ್ರತಿ ತಾಲ್ಲೂಕಿನಲ್ಲಿ ಇಂಥವರ ಪಟ್ಟಿಯೊಂದನ್ನು ಮೊದಲೇ ಸಿದ್ಧವಾಗಿಡುವುದು ಕಷ್ಟವೇನಲ್ಲ. ಈಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧನೆಯ ದೃಶ್ಯ-ಧ್ವನಿ ಮುದ್ರಣವನ್ನೂ ಕಡ್ಡಾಯ ಮಾಡಿದೆ. ಆ ಮುದ್ರಣದಲ್ಲಿ ಹೆಣ್ಣುಮಕ್ಕಳ ಮುಖ ಕಾಣುತ್ತದೆ. ಅದು ಯಾರದೋ ಮೊಬೈಲಿನಿಂದ ಊರೆಲ್ಲ ಹರಡದಂತೆ ಕಾಯುವ ಹೊಣೆ ಯಾರದೆಂದು ರಾಜ್ಯದ ನಿಯಮದಲ್ಲಿ ಹುದ್ದೆಯ ಹೆಸರು ಹೇಳಿಯೇ ಬರೆಯಬೇಕು.

ಇನ್ನು ಅನೈತಿಕ ವ್ಯವಹಾರ ತಡೆ ಕಾಯ್ದೆಯ 8ನೇ ಕಲಮು. ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆವಾಸ ವಿಧಿಸುವ ಈ ಕಲಮು, ಬಲವಂತದಿಂದ ಬೀದಿಗೆ ನಿಲ್ಲಿಸಲ್ಪಟ್ಟ ಹೆಣ್ಣನ್ನೂ ಆರೋಪಿಯ ಸಾಲಿಗೆ ಸೇರಿಸಿಬಿಡುತ್ತದೆ. ಒಮ್ಮೆ ಆರೋಪಿಯಾದವಳು ತನ್ನನ್ನು ಮಾರಿದವನ ವಿರುದ್ಧ ಸಾಕ್ಷಿ ನುಡಿಯಲು ಬರುತ್ತಾಳೆಂದು ನಿರೀಕ್ಷಿಸುವುದು ಹೇಗೆ? ಸ್ವಇಚ್ಛೆಯಿಂದ ವೃತ್ತಿಯಲ್ಲಿರುವ ವಯಸ್ಕ ಮಹಿಳೆಯರನ್ನು ದಾಳಿಯ ವೇಳೆ ಬಂಧಿಸಿ ಪೀಡಿಸಬಾರದೆಂದು ಸುಪ್ರೀಂ ಕೋರ್ಟು ನೇಮಿಸಿದ ಸಮಿತಿ ಶಿಫಾರಸು ಮಾಡಿತ್ತಾದರೂ, 2022ರ ಮೇ ತಿಂಗಳ ಆದೇಶದಲ್ಲಿ ಕೋರ್ಟು ಪಾಲಿಸುವಂತೆ ನಿರ್ದೇಶಿಸಿದ ಶಿಫಾರಸುಗಳಲ್ಲಿ ಅದು ಸೇರಿಲ್ಲ. ರಾಜ್ಯ ತಿದ್ದುಪಡಿ ತರುವುದಾದರೆ ಕಳ್ಳಸಾಗಣೆಗೆ ಒಳಗಾದವರನ್ನು ಈ ಕಲಮಿನಿಂದ ಹೊರಗಿಡಲೇಬೇಕು.

ಪರಿಹಾರಕ್ಕಾಗಿ ತೀರ್ಪಿನವರೆಗೆ ಕಾಯಬೇಕೆಂಬ ತಪ್ಪು ತಿಳಿವಳಿಕೆ ಕಕ್ಷಿದಾರರಲ್ಲಷ್ಟೇ ಅಲ್ಲ, ಕೆಲವು ವಕೀಲರಲ್ಲಿಯೂ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನ ಪ್ರಕಾರ ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರವು 2 ತಿಂಗಳೊಳಗೆ ವಿಚಾರಣೆ ಮುಗಿಸಿ ಸೂಕ್ತ ಪರಿಹಾರ ನಿರ್ಧರಿಸಬೇಕು. ಆ ಅರ್ಜಿಯನ್ನು ಆಶ್ರಯಗೃಹದಲ್ಲಿಯೇ, ಆಕೆಯನ್ನು ಊರಿಗೆ ಕಳುಹಿಸುವ ಮೊದಲೇ ಬರೆಸಿಕೊಳ್ಳಬೇಕು. ಊರಿಗೆ ಮರಳಿದ ಮೇಲೆ ಗದಗಿನ ಪ್ರಾಧಿಕಾರದ ಕಚೇರಿಗೆ ಬಂದು ಹೋಗುವ ಬಸ್ಸಿನ ಖರ್ಚನ್ನೂ ಮನೆಯವರ ಮುಂದೆ ಕಾರಣ ಹೇಳಿಯೇ ಪಡೆಯಬೇಕಾದ ಸ್ಥಿತಿಯಲ್ಲಿ ಅವಳಿರುತ್ತಾಳೆ.